ಚಕ್ರ ಚಿಕ್ಕದಾದರೆ ತೋಳಿಗೆ ಕೆಲಸ

ರಾಗಿ ಬೀಸುವ ಕಲ್ಲನ್ನು ನೋಡಿದ್ದೀರಾ? ಇಂದು ಹಲವು ಮನೆಗಳಲ್ಲಿ ಅದು ಹಿತ್ತಿಲು ಸೇರಿದೆ. ಆದರೂ ಅದರ ಗೂಟ ಎಲ್ಲಿದೆ ಎಂದು ಒಮ್ಮೆ ಗಮನಿಸಿ. ಕಲ್ಲಿನ ನಡುವಿನಲ್ಲಲ್ಲ, ಅಂಚಿನಲ್ಲಿ. ಗೂಟವನ್ನು ನಡುವಿಗೆ ತಂದಷ್ಟೂ ಬೀಸುವವರ ರಟ್ಟೆ ಸೋಲುತ್ತದೆ. ವಸ್ತುವನ್ನು ತಿರುಗಿಸುವಾಗ ಎಷ್ಟು ಬಲ ಹಾಕಿದೆವು ಎಂಬುದರ ಜೊತೆಗೆ, ಕೇಂದ್ರದಿಂದ ಎಷ್ಟು ದೂರದಲ್ಲಿ ಹಾಕಿದೆವು ಎಂಬುದೂ ಮುಖ್ಯ. ಲಂಬವಾಗಿ ಹಾಕಿದ ಬಲ ಮತ್ತು ಆ ದೂರ, ಇವೆರಡರ ಗುಣಲಬ್ಧವೇ ಟಾರ್ಕ್.

ಕಾರಿನ ಸ್ಟೀರಿಂಗ್ ಚಕ್ರವೂ ಬೀಸುಕಲ್ಲಿನ ನೆಂಟನೇ. ಬ್ರಿಟನ್ನಿನ ಪುಟ್ಟ ಕಾರು ‘ಮಿನಿ’ಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಲೆಕ್ ಇಸಿಗೋನಿಸ್ ರೂಪಿಸಿದ ಈ ಕಾರು 1959ರಲ್ಲಿ ರಸ್ತೆಗಿಳಿಯಿತು. 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೋ ರ‍್ಯಾಲಿ ಗೆದ್ದು ಹೆಸರಾಯಿತು. ಇಂದಿಗೂ ಹಳೆಯ ಮಿನಿಯನ್ನು ಜೋಪಾನವಾಗಿ ಇಟ್ಟುಕೊಂಡವರು ಬಹಳ ಮಂದಿ. ಅವರಲ್ಲಿ ಅನೇಕರಿಗೆ ಮೂಲ ಸ್ಟೀರಿಂಗ್ ಚಕ್ರ ತೆಗೆದು, ಓಟದ ಕಾರಿನಂಥ ಚಿಕ್ಕ ಚಕ್ರ ಹಾಕಿಸುವ ಆಸೆ. ನೋಡಲು ಚೆಂದ, ತೊಡೆಗೂ ತಾಗುವುದಿಲ್ಲ. ಆದರೆ ಈ ಕಾರಿಗೆ ಪವರ್ ಸ್ಟೀರಿಂಗ್ ಇಲ್ಲ. ತಿರುಗಿಸುವ ಶ್ರಮವೆಲ್ಲ ಚಾಲಕನ ತೋಳಿನದೇ.

ಲೆಕ್ಕ ಹಾಕಿ ನೋಡಿ. ಮೊದಲ ಮಿನಿಗಳ ಚಕ್ರದ ವ್ಯಾಸ ಸುಮಾರು 40 ಸೆಂ.ಮೀ., ಅಂದರೆ ತ್ರಿಜ್ಯ 0.2 ಮೀಟರ್. ನಿಂತ ಕಾರಿನ ಗಾಲಿ ತಿರುಗಿಸಲು ಅಂಚಿನಲ್ಲಿ 60 ನ್ಯೂಟನ್ ಬಲ ಬೇಕು ಎಂದುಕೊಳ್ಳೋಣ. ಟಾರ್ಕ್ 12 ನ್ಯೂಟನ್-ಮೀಟರ್. ಈಗ 33 ಸೆಂ.ಮೀ. ವ್ಯಾಸದ ಚಕ್ರ ಹಾಕಿದರೆ ತ್ರಿಜ್ಯ 0.165 ಮೀಟರ್. ಅದೇ ಟಾರ್ಕ್‌ಗೆ ಈಗ ಬೇಕಾದ ಬಲ ಸುಮಾರು 73 ನ್ಯೂಟನ್. ಐದನೇ ಒಂದು ಭಾಗಕ್ಕಿಂತ ಹೆಚ್ಚು ಶ್ರಮ! ಅದಕ್ಕೆ ಬದಲಾಗಿ ಸಿಗುವುದೇನು? ಒಂದು ಸುತ್ತಿಗೆ ಕೈ ಸಾಗುವ ದಾರಿ ಸುಮಾರು 126 ಸೆಂ.ಮೀ.ನಿಂದ 104 ಸೆಂ.ಮೀ.ಗೆ ಇಳಿಯುತ್ತದೆ. ಬಲ ಹೆಚ್ಚಿತು, ದೂರ ತಗ್ಗಿತು. ಕೆಲಸ ಮಾತ್ರ ಅಷ್ಟೇ ಉಳಿಯಿತು. ಪ್ರಕೃತಿಯ ಅಂಗಡಿಯಲ್ಲಿ ಪುಕ್ಕಟೆ ಸರಕಿಲ್ಲ. ಮನೆಯಲ್ಲಿ ಕಾರು ಓಡಿಸುವ ಎಲ್ಲರ ತೋಳಿನ ಬಲವೂ ಒಂದೇ ಅಲ್ಲ ಎಂಬುದನ್ನು ಚಕ್ರ ಕೊಳ್ಳುವ ಮುನ್ನವೇ ನೆನೆಯಬೇಕು.

ಇನ್ನು ಜೋಡಣೆ. ಸ್ಟೀರಿಂಗ್ ದಂಡದ ತುದಿಯಲ್ಲಿ ಸ್ಪ್ಲೈನ್ ಎಂಬ ಸಣ್ಣ ಗೀರುಹಲ್ಲುಗಳಿವೆ. ಚಕ್ರ ದಂಡದ ಮೇಲೆ ಜಾರದಂತೆ ಇವು ಹಿಡಿಯುತ್ತವೆ. ಹೊಸ ಚಕ್ರದ ನಡುವೆ ಕೂರುವ ‘ಬಾಸ್’ ಎಂಬ ಭಾಗದ ಹಲ್ಲುಗಳು ಆ ದಂಡಕ್ಕೆ ಸರಿಯಾಗಿ ಹೊಂದಲೇಬೇಕು. ಎಲ್ಲವನ್ನೂ ಅದುಮಿ ಹಿಡಿಯುವುದು ನಡುವಿನ ಒಂದೇ ಒಂದು ನಟ್. ಅದು ಸಡಿಲವಾದರೆ ಓಡುವ ಕಾರಿನ ಚಕ್ರ ಕೈಗೆ ಬಂದೀತು. ಆದ್ದರಿಂದ ಅಂದಾಜಿನ ಮೇಲೆ ಬಿಗಿಯದೆ, ಕಾರಿನ ಕೈಪಿಡಿ ಹೇಳಿದಷ್ಟೇ ಟಾರ್ಕನ್ನು ಟಾರ್ಕ್ ರೆಂಚ್‌ನಿಂದ ಅಳೆದು ಬಿಗಿಯುತ್ತಾರೆ. ಚಕ್ರ ತಿರುಗಿಸುವ ಟಾರ್ಕೇ ಇಲ್ಲೂ ಕಾವಲು ನಿಲ್ಲುತ್ತದೆ!

ಅನುಭವಿಗಳು ಬಿಚ್ಚುವಾಗಲೂ ಜಾಗ್ರತೆ ವಹಿಸುತ್ತಾರೆ. ಮುಂದಿನ ಗಾಲಿಗಳನ್ನು ನೇರ ಮಾಡಿ, ಬ್ಯಾಟರಿಯ ತಂತಿ ಕಳಚಿ, ನಟ್ಟನ್ನು ಪೂರ್ತಿ ತೆಗೆಯದೆ ಕೆಲವು ಸುತ್ತು ಉಳಿಸಿ ಚಕ್ರವನ್ನು ಎಳೆಯುತ್ತಾರೆ. ಬಿಗಿಯಾಗಿ ಕಚ್ಚಿಕೊಂಡ ಚಕ್ರ ಥಟ್ಟನೆ ಬಿಟ್ಟುಕೊಂಡರೆ ಮುಖಕ್ಕೆ ಬಡಿಯದಂತೆ ಆ ನಟ್ಟೇ ತಡೆಯುತ್ತದೆ. ಏರ್‌ಬ್ಯಾಗ್ ಇರುವ ಕಾರಿನಲ್ಲಂತೂ ಈ ಸಾಹಸ ಬೇಡ. ಅಲ್ಲಿ ಚಕ್ರದ ನಡುವೆಯೇ ಚಾಲಕನ ಪ್ರಾಣರಕ್ಷಕ ಅಡಗಿದೆ. ಅಂದಕ್ಕಾಗಿ ಅದನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ವಿದ್ಯಾರ್ಥಿಗಳೇ, ಮನೆಯಲ್ಲೊಂದು ಪ್ರಯೋಗ ಮಾಡಿ. ಮರಕ್ಕೆ ಬಿಗಿದ ಸ್ಕ್ರೂ ಒಂದನ್ನು ತೆಳು ಹಿಡಿಯ ಸ್ಕ್ರೂಡ್ರೈವರ್‌ನಿಂದ ಸಡಿಲಿಸಿ. ಅಷ್ಟೇ ಬಿಗಿದ ಇನ್ನೊಂದನ್ನು ದಪ್ಪ ಹಿಡಿಯದರಿಂದ ಸಡಿಲಿಸಿ. ಯಾವುದು ಸುಲಭ? ಪವರ್ ಸ್ಟೀರಿಂಗ್ ಇಲ್ಲದ ಹಳೆಯ ಬಸ್ಸು, ಲಾರಿಗಳಿಗೆ ಅಷ್ಟು ದೊಡ್ಡ ಚಕ್ರ ಏಕಿತ್ತು ಎಂಬುದಕ್ಕೆ ಉತ್ತರ ಆಗ ನಿಮ್ಮ ಅಂಗೈಯಲ್ಲೇ ಸಿಗುತ್ತದೆ.