ಅಗ್ಗವಾದ ಮದ್ದು, ದೂರದ ಊರು

ಮಾನ್ವಿಯ ಜಗನ್ನಾಥದಾಸರು ಉದರಶೂಲೆಯಿಂದ ನರಳುತ್ತಿದ್ದಾಗ, ಮೊಸರಕಲ್ಲಿನ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದು ಅವರನ್ನು ಉಳಿಸಿದರೆಂದು ದಾಸಪರಂಪರೆಯಲ್ಲಿ ಪ್ರತೀತಿಯುಂಟು. ಆ ಕಾಲದ ಭಾವನೆಯಲ್ಲಿ ಆಯುಷ್ಯವು ದಾನದ ವಸ್ತು. ನಮ್ಮ ಕಾಲದಲ್ಲಿ ಆಯುಷ್ಯವನ್ನು ಕಾಯುವ ಮದ್ದಿಗೆ ಒಡೆಯರುಂಟು. ಆ ಒಡೆತನಕ್ಕೆ ಅವಧಿಯೂ ಉಂಟು. ಅಂಥ ಅವಧಿಯೊಂದು 2026ರ ಮಾರ್ಚ್ ತಿಂಗಳಲ್ಲಿ ಭಾರತದಲ್ಲಿ ಮುಗಿಯಿತು.

ಮದ್ದಿನ ಹೆಸರು ಸೆಮಾಗ್ಲುಟೈಡ್. ಡೆನ್ಮಾರ್ಕಿನ ನೊವೊ ನಾರ್ಡಿಸ್ಕ್ ಕಂಪನಿಯದು. ವಾರಕ್ಕೊಮ್ಮೆ ಚುಚ್ಚಿಕೊಳ್ಳತಕ್ಕ ಇದು, ರಕ್ತದಲ್ಲಿ ಸಕ್ಕರೆಯೇರಿದಾಗ ಇನ್ಸುಲಿನ್ ಒಸರುವಂತೆ ಮಾಡುತ್ತದೆ, ಹಸಿವನ್ನೂ ತಗ್ಗಿಸುತ್ತದೆ. ಮಧುಮೇಹಕ್ಕೆ ಓಜೆಂಪಿಕ್ ಎಂಬ ಹೆಸರು, ತೂಕವಿಳಿಸುವುದಕ್ಕೆ ವೆಗೋವಿ ಎಂಬ ಹೆಸರು. ವೆಗೋವಿ 2025ರ ಜೂನ್‌ನಲ್ಲಿ ನಮ್ಮ ದೇಶಕ್ಕೆ ಬಂದಾಗ ತಿಂಗಳಿಗೆ ಕನಿಷ್ಠ 17,345 ರೂಪಾಯಿ. ನವೆಂಬರ್‌ನಲ್ಲಿ ಇಳಿಸಿದ ಮೇಲೂ ಅತ್ಯಲ್ಪ ಪ್ರಮಾಣಕ್ಕೆ 10,850. ಪೇಟೆಂಟ್ ತೀರಿದ್ದರಿಂದ ದೇಶದ ಕಾರ್ಖಾನೆಗಳು ಇದೇ ಮದ್ದನ್ನು ಜನರಿಕ್ ಆಗಿ ತಯಾರಿಸಬಹುದು. ಪೈಪೋಟಿಯಿದ್ದಲ್ಲಿ ಬೆಲೆ ಇಳಿಯುವುದು ಸಹಜ.

ಆದರೆ ಬೆಲೆ ಇಳಿದೊಡನೆ ಮದ್ದು ರೋಗಿಯನ್ನು ಮುಟ್ಟಿತೆಂದು ತಿಳಿಯುವಂತಿಲ್ಲ. ಇನ್ಸುಲಿನ್ ಕಂಡುಹಿಡಿದವರು 1923ರಲ್ಲಿ ಅದರ ಪೇಟೆಂಟನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು. ನೂರು ವರ್ಷ ಕಳೆದರೂ ಅದು ಎಲ್ಲ ಬಡವರ ಕೈಗೂ ಎಟುಕಿಲ್ಲ. ಭಾರತದಲ್ಲಿ ಹತ್ತು ಕೋಟಿಗೂ ಮಿಕ್ಕಿ ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ಎಣಿಸಿದೆ. ಅವರೆಲ್ಲ ನಗರವಾಸಿಗಳಲ್ಲ.

ರಾಯಚೂರು ನಗರದಲ್ಲಿ ರಿಮ್ಸ್ ಆಸ್ಪತ್ರೆಯುಂಟು, ತಜ್ಞರುಂಟು. ದೇವದುರ್ಗ, ಮಾನ್ವಿಗಳ ಹಳ್ಳಿಗಳ ಮಾತು ಬೇರೆ. ತೆರೆಯದ ಪೆನ್ನನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿಡಬೇಕು. ಬಳಸತೊಡಗಿದ ಮೇಲೂ ಕಾವು 30 ಡಿಗ್ರಿ ಮೀರಬಾರದು. ನಮ್ಮ ಸೀಮೆಯ ಬೇಸಗೆಯೋ 40ನ್ನು ದಾಟುವಂಥದು. ಸುಗ್ಗಿ ಮುಗಿದೊಡನೆ ಬೆಂಗಳೂರಿಗೆ ಗುಳೆ ಹೋಗಿ ತಗಡಿನ ಶೆಡ್ಡಿನಲ್ಲಿ ಬಾಳುವ ಕೂಲಿಕಾರನಿಗೆ ಸಕ್ಕರೆ ಬೇನೆಯಿದ್ದರೆ ಈ ಪೆನ್ನನ್ನು ಎಲ್ಲಿಡಬೇಕು? ಪ್ರಮಾಣವನ್ನು ಮೆಲ್ಲಮೆಲ್ಲನೆ ಏರಿಸುವವರು, ವಾಂತಿ ಓಕರಿಕೆಗಳು ಕಂಡಾಗ ಕೇಳಿಸಿಕೊಳ್ಳುವವರು ಯಾರು?

ಇನ್ನೊಂದು ಆತಂಕವೂ ಉಂಟು. ಮೈ ಕರಗಿಸುವ ಹಂಬಲಕ್ಕೆ ಮದ್ದು ಸುಲಭವಾಗಿ ಮಾರಾಟವಾದರೆ, ಹಸಿವನ್ನು ಅಡಗಿಸಲು ಹಣ ಕೊಡುವವರೂ ಹಸಿವು ನೀಗದ ಮಕ್ಕಳೂ ಒಂದೇ ಜಿಲ್ಲೆಯಲ್ಲಿ ಎದುರುಬದುರಾಗುತ್ತಾರೆ. ಚುಚ್ಚುವುದನ್ನು ನಿಲ್ಲಿಸಿದರೆ ಇಳಿದ ತೂಕದ ಹೆಚ್ಚಿನ ಪಾಲು ಮರಳುವುದೆಂದು ಪ್ರಯೋಗಗಳು ತೋರಿಸಿವೆ. ಆದ್ದರಿಂದ ಇದು ವರ್ಷಾನುವರ್ಷದ ವೆಚ್ಚ. ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ತರತಕ್ಕ ಪದಾರ್ಥವಲ್ಲ.

ಹಾಗೆಂದು ಈ ಮದ್ದು ಬಡವರಿಗೆ ಬೇಡವೆನ್ನುವುದು ಅನ್ಯಾಯ. ತಾಲ್ಲೂಕು ಆಸ್ಪತ್ರೆಗಳಲ್ಲಿ ಸಕ್ಕರೆಯ ಪರೀಕ್ಷೆ, ಮೆಟ್‌ಫಾರ್ಮಿನ್, ಇನ್ಸುಲಿನ್‌ಗಳು ವರ್ಷವಿಡೀ ತಪ್ಪದೆ ದೊರೆಯುವುದು ಮೊದಲ ಹೆಜ್ಜೆ. ಬಳಿಕ ರಾಜ್ಯದ ವೈದ್ಯಕೀಯ ಸರಬರಾಜು ನಿಗಮವು ಜನರಿಕ್ ಮದ್ದನ್ನು ಸಗಟಾಗಿ ಕೊಂಡು, ತಂಪುಪೆಟ್ಟಿಗೆಯೊಡನೆ ದೇವದುರ್ಗಕ್ಕೂ ಮಾನ್ವಿಗೂ ಮುಟ್ಟಿಸಲಿ. ಯಾರಿಗೆ ಅಗತ್ಯವೆಂಬುದನ್ನು ಜಾಹೀರಾತಲ್ಲ, ವೈದ್ಯನು ನಿರ್ಧರಿಸಲಿ. ಪೇಟೆಂಟಿನ ಅವಧಿ ತಾನಾಗಿಯೇ ತೀರಿತು. ಉಳಿದ ದಾರಿಯನ್ನು ಸರ್ಕಾರವೇ ನಡೆಯಬೇಕು.