ಕಡಾಣಿ ಕಳಚುವ ಮುನ್ನ

ಎತ್ತಿನ ಗಾಡಿಯನ್ನು ಕಂಡು ಬೆಳೆದ ನಮ್ಮ ತಲೆಮಾರಿನವರಿಗೆ ಕಡಾಣಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಅಚ್ಚಿನ ತುದಿಯಿಂದ ಚಕ್ರ ಜಾರಿಹೋಗದಂತೆ ತಡೆದು ನಿಲ್ಲಿಸುವ ಸಣ್ಣದೊಂದು ಕಬ್ಬಿಣದ ಕೀಲು ಅದು. ಗಾಡಿಯ ಬೆಲೆಯ ಮುಂದೆ ಅದರ ಬೆಲೆ ಲೆಕ್ಕಕ್ಕೆ ಬಾರದು. ಆದರೆ ಅದು ಕಳಚಿತೆಂದರೆ ಎತ್ತು, ನೊಗ, ಹೇರಿದ ಸರಕು ಎಲ್ಲವೂ ಇದ್ದೂ ಗಾಡಿ ಮುಂದೆ ಸಾಗದು. ವ್ಯಾಪಾರ ಸಂಸ್ಥೆಗಳಲ್ಲಿಯೂ ಇಂಥ ಕಡಾಣಿಗಳುಂಟು. ಗಿರಾಕಿಗಳು ಯಾರ ಮುಖ ನೋಡಿ ಬರುತ್ತಾರೋ, ಬ್ಯಾಂಕು ಯಾರ ಮಾತಿನ ಮೇಲೆ ಸಾಲ ಕೊಟ್ಟಿದೆಯೋ, ಯಾರೊಬ್ಬರ ಕೈಚಳಕವಿಲ್ಲದೆ ಕೆಲಸ ಕೈಗೂಡದೋ, ಅವರು ಆ ಸಂಸ್ಥೆಯ ಆಧಾರವ್ಯಕ್ತಿ. ಆಂಗ್ಲರು ಇಂಥವರನ್ನು ಹಿಂದೆ ‘ಕೀ ಮ್ಯಾನ್’ ಎನ್ನುತ್ತಿದ್ದರು. ಈಗ ‘ಕೀ ಪರ್ಸನ್’ ಎನ್ನುತ್ತಾರೆ. ಕಳೆದ ಸಮ್ಮೇಳನದ ಸಂಚಿಕೆಯಲ್ಲಿ ಇದೇ ಅಂಕಣದಲ್ಲಿ ಉಯಿಲಿನ ಅಗತ್ಯವನ್ನು ಕುರಿತು ಬರೆದಿದ್ದೆ. ಉಯಿಲು ಮನೆಯ ಆಸ್ತಿಗೆ ಸಂಬಂಧಿಸಿದ್ದು. ಆ ಆಸ್ತಿಯನ್ನು ಗಳಿಸಿಕೊಡುವ ಉದ್ಯಮ ತನ್ನ ಆಧಾರವ್ಯಕ್ತಿಯನ್ನು ಕಳೆದುಕೊಂಡಾಗ ಏನಾಗುತ್ತದೆ, ಅದಕ್ಕೆ ವಿಮೆಯ ರಕ್ಷಣೆ ಎಷ್ಟರಮಟ್ಟಿಗೆ ಸಾಧ್ಯ ಎಂಬುದು ಈ ಸಲದ ವಿಚಾರ.

ಈ ವಿಚಾರ ಈಗ ನಮ್ಮವರಿಗೆ ಹತ್ತಿರದ್ದಾಗಿದೆ. ಈ ದೇಶಕ್ಕೆ ಮೊದಮೊದಲು ಬಂದ ಕನ್ನಡಿಗರಲ್ಲಿ ವೈದ್ಯರು, ಎಂಜಿನಿಯರರು, ಅಧ್ಯಾಪಕರು ಮೊದಲಾಗಿ ಸಂಬಳವನ್ನು ನಂಬಿದವರೇ ಹೆಚ್ಚು. ಇಂದು ಸಿಡ್ನಿಯ ಹ್ಯಾರಿಸ್ ಪಾರ್ಕ್, ಪರಮಟ್ಟಾ, ವೆಂಟ್‌ವರ್ತ್‌ವಿಲ್‌ಗಳಲ್ಲಾಗಲಿ, ಮೆಲ್ಬರ್ನಿನ ಡ್ಯಾಂಡಿನಾಂಗ್, ಟಾರ್ನೀಟ್, ಪಾಯಿಂಟ್ ಕುಕ್‌ಗಳಲ್ಲಾಗಲಿ ಸುತ್ತಾಡಿದರೆ ದಿನಸಿ ಅಂಗಡಿ, ಊಟದ ಮನೆ, ದಂತವೈದ್ಯರ ಚಿಕಿತ್ಸಾಲಯ, ಲೆಕ್ಕಪತ್ರದ ಕಚೇರಿ, ಗಣಕ ಸಲಹಾ ಸಂಸ್ಥೆ ಎಂದು ನಮ್ಮ ನಾಡಿನವರ ಉದ್ಯಮಗಳು ಕಾಣುತ್ತವೆ. ಇವುಗಳಲ್ಲಿ ಬಹಳಷ್ಟು ಒಬ್ಬರೋ ಇಬ್ಬರೋ ಹೆಗಲು ಕೊಟ್ಟು ನಿಲ್ಲಿಸಿದಂಥವು. ಅಂಗಡಿಗೆ ಬೆಂಕಿವಿಮೆ ಇರುತ್ತದೆ, ವ್ಯಾನಿಗೆ ವಿಮೆ ಇರುತ್ತದೆ, ಗಾಜಿನ ಕಿಟಕಿಗೂ ವಿಮೆ ಇರುತ್ತದೆ. ಇವೆಲ್ಲವನ್ನೂ ನಡೆಸುವ ಮನುಷ್ಯನಿಗೆ ಮಾತ್ರ ಸಂಸ್ಥೆಯ ಲೆಕ್ಕದಲ್ಲಿ ವಿಮೆ ಇರುವುದು ವಿರಳ.

ಸಾಮಾನ್ಯ ಜೀವವಿಮೆಯಲ್ಲಿ ಹಣ ಮನೆಯವರಿಗೆ ಸೇರುತ್ತದೆ. ಆಧಾರವ್ಯಕ್ತಿಯ ವಿಮೆಯಲ್ಲಿ ಪಾಲಿಸಿಯ ಒಡೆತನ ಸಂಸ್ಥೆಯದು, ಕಂತು ಕಟ್ಟುವುದು ಸಂಸ್ಥೆ, ಹಣ ಬರುವುದೂ ಸಂಸ್ಥೆಗೇ. ವ್ಯಕ್ತಿ ತನ್ನ ಒಪ್ಪಿಗೆಯನ್ನೂ ಆರೋಗ್ಯದ ವಿವರವನ್ನೂ ಕೊಡುತ್ತಾನೆ, ಅಷ್ಟೆ. ಬಂದ ಹಣದಿಂದ ಸಂಸ್ಥೆ ನೌಕರರ ಸಂಬಳ ಕೊಡಬಹುದು, ಸಾಲ ತೀರಿಸಬಹುದು, ಬೇರೊಬ್ಬ ನಿಪುಣರನ್ನು ಹುಡುಕಿ ತರಬಹುದು. ಮನೆಯವರಿಗೆ ಬೇರೆ ವಿಮೆ ಬೇಕೇಬೇಕು. ಇದು ಅದರ ಬದಲಿಯಾಗಲಾರದು.

ಪರರ ಜೀವದ ಮೇಲೆ ವಿಮೆ ಮಾಡಿಸುವುದೆಂದರೆ ಕೆಲವರಿಗೆ ಅಳುಕು. ಆ ಅಳುಕು ಹಳೆಯದು, ಸಕಾರಣವಾದದ್ದು. ಇಂಗ್ಲೆಂಡಿನಲ್ಲಿ ಒಂದು ಕಾಲದಲ್ಲಿ ಸಂಬಂಧವೇ ಇಲ್ಲದ ಪ್ರಸಿದ್ಧರ ಸಾವಿನ ಮೇಲೆ ಪಂಥ ಕಟ್ಟುವಂತೆ ವಿಮೆ ಮಾಡಿಸುತ್ತಿದ್ದರು. 1774ರ ಕಾಯಿದೆ ಅದನ್ನು ನಿಲ್ಲಿಸಿ, ಯಾರ ಬಾಳಿನಲ್ಲಿ ನಿಜವಾದ ಹಿತಾಸಕ್ತಿ ಇದೆಯೋ ಅವರ ಮೇಲೆ ಮಾತ್ರ ವಿಮೆ ಸಲ್ಲುತ್ತದೆಂದು ವಿಧಿಸಿತು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ನಮ್ಮ ಗಾದೆಯ ವ್ಯಾಪಾರಕ್ಕೆ ಇಲ್ಲಿ ಎಡೆಯಿಲ್ಲ. ನಷ್ಟವನ್ನು ತುಂಬಿಕೊಡುವುದಷ್ಟೇ ವಿಮೆಯ ಕೆಲಸ. ಈ ಬುನಾದಿಯ ಮೇಲೆಯೇ 1849ರಲ್ಲಿ ಸಿಡ್ನಿಯಲ್ಲಿ ಆಸ್ಟ್ರೇಲಿಯನ್ ಮ್ಯೂಚುಯಲ್ ಪ್ರಾವಿಡೆಂಟ್ ಸೊಸೈಟಿಯೂ 1869ರಲ್ಲಿ ಮೆಲ್ಬರ್ನಿನಲ್ಲಿ ನ್ಯಾಷನಲ್ ಮ್ಯೂಚುಯಲ್ ಸಂಸ್ಥೆಯೂ ತಲೆಯೆತ್ತಿದವು. ನಮ್ಮ ಮೈಸೂರು ಸಂಸ್ಥಾನವೂ 1891ರಲ್ಲಿಯೇ ತನ್ನ ನೌಕರರಿಗೆ ಜೀವವಿಮೆಯ ಏರ್ಪಾಟು ಮಾಡಿತ್ತೆಂಬುದು ನಾವು ಹೆಮ್ಮೆಪಡತಕ್ಕ ಸಂಗತಿ.

ಮೊತ್ತ ಎಷ್ಟಿರಬೇಕು? ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮೆಲ್ಬರ್ನಿನಲ್ಲಿ ಇಬ್ಬರು ಸ್ನೇಹಿತರು ಸೇರಿ ನಡೆಸುವ ಸಂಸ್ಥೆ. ಅದರಲ್ಲೊಬ್ಬರು ತರುವ ಕೆಲಸದಿಂದ ವರ್ಷಕ್ಕೆ 2 ಲಕ್ಷ ಡಾಲರ್ ಲಾಭ. ಅವರಿಲ್ಲದಿದ್ದರೆ ತಕ್ಕವರನ್ನು ಹುಡುಕಿ, ಗಿರಾಕಿಗಳ ವಿಶ್ವಾಸ ಗಳಿಸಲು ಎರಡು ವರ್ಷ ಬೇಕು. ಅಲ್ಲಿಗೆ 4 ಲಕ್ಷ ಡಾಲರ್ ಆದಾಯದ ನಷ್ಟ. ಜೊತೆಗೆ ಬ್ಯಾಂಕಿನ 3 ಲಕ್ಷ ಡಾಲರ್ ಸಾಲ. ಒಟ್ಟು 7 ಲಕ್ಷ. ಹೀಗೆ ಬಿಡಿಸಿ ಬರೆದಿಡುವುದಕ್ಕೆ ಇನ್ನೊಂದು ಕಾರಣವಿದೆ. ಆಸ್ಟ್ರೇಲಿಯಾದ ತೆರಿಗೆ ಪದ್ಧತಿ ವಿಮೆಯ ಉದ್ದೇಶವನ್ನು ನೋಡುತ್ತದೆ. ಆದಾಯದ ನಷ್ಟ ತುಂಬಲೆಂದು ಮಾಡಿಸಿದ ವಿಮೆಯಾದರೆ ಕಂತು ಸಾಮಾನ್ಯವಾಗಿ ಖರ್ಚೆಂದು ಸಲ್ಲುತ್ತದೆ, ಬಂದ ಹಣ ಆದಾಯವೆಂದು ತೆರಿಗೆಗೆ ಒಳಪಡುತ್ತದೆ. ಸಾಲ ತೀರಿಸುವಂಥ ಬಂಡವಾಳದ ಉದ್ದೇಶವಾದರೆ ಕಂತಿಗೆ ವಿನಾಯಿತಿಯಿಲ್ಲ, ಬಂದ ಹಣ ಸಾಮಾನ್ಯವಾಗಿ ಆದಾಯವೆನಿಸುವುದಿಲ್ಲ. ಆದುದರಿಂದ ಯಾವ ಮೊತ್ತ ಯಾವುದಕ್ಕೆಂದು ಸಂಸ್ಥೆಯ ನಡಾವಳಿ ಪುಸ್ತಕದಲ್ಲಿ ಮೊದಲೇ ಬರೆದಿಡಬೇಕು. ಭಾರತದಲ್ಲಿಯೂ 1996ರ ತಿದ್ದುಪಡಿಯ ನಂತರ ಇಂಥ ಪಾಲಿಸಿಯ ಹಣಕ್ಕೆ ಸಾಮಾನ್ಯ ಜೀವವಿಮೆಗಿರುವ ತೆರಿಗೆ ವಿನಾಯಿತಿ ಇಲ್ಲವಾಯಿತು. ಬೇರೆ ದೇಶಗಳಿಂದ ಬಂದಿರುವ ಪ್ರತಿನಿಧಿಗಳು ತಮ್ಮ ದೇಶದ ನಿಯಮವನ್ನು ವಿಚಾರಿಸಿಕೊಳ್ಳಬೇಕು. ತತ್ತ್ವ ಒಂದೇ, ವಿವರ ಬೇರೆ.

ಆಧಾರವ್ಯಕ್ತಿಯನ್ನು ಕಳೆದುಕೊಳ್ಳುವುದೆಂದರೆ ಸಾವೊಂದೇ ಎಂದು ಭಾವಿಸಬಾರದು. 1990ರ ಅಕ್ಟೋಬರಿನಲ್ಲಿ ಸಿಡ್ನಿಯ ವಾರ್ವಿಕ್ ಫಾರ್ಮಿನಲ್ಲಿ ಪೋಲೊ ಆಡುತ್ತಿದ್ದಾಗ ಉದ್ಯಮಿ ಕೆರಿ ಪ್ಯಾಕರ್ ಅವರ ಹೃದಯ ಕೆಲವು ನಿಮಿಷಗಳ ಕಾಲ ನಿಂತೇ ಹೋಯಿತು. ಬಂದ ಆಂಬ್ಯುಲೆನ್ಸಿನಲ್ಲಿ ಹೃದಯಕ್ಕೆ ವಿದ್ಯುದಾಘಾತ ನೀಡುವ ಯಂತ್ರ ಅದೃಷ್ಟವಶಾತ್ ಇದ್ದುದರಿಂದ ಅವರು ಬದುಕಿ, 2005ರವರೆಗೆ ಬಾಳಿದರು. ಚೇತರಿಸಿಕೊಂಡ ಬಳಿಕ ರಾಜ್ಯದ ಆಂಬ್ಯುಲೆನ್ಸುಗಳಿಗೆಲ್ಲ ಆ ಯಂತ್ರವನ್ನು ಒದಗಿಸಲು ಸರ್ಕಾರದೊಡನೆ ಅರ್ಧ ವೆಚ್ಚವನ್ನು ತಾವೇ ಭರಿಸಿದರು. ಅವರ ಸಂಸ್ಥೆ ಬಹು ದೊಡ್ಡದು, ತಡೆದುಕೊಂಡಿತು. ಆದರೆ ನಮ್ಮ ಅಂಗಡಿಯ ಯಜಮಾನ ಹೃದಯಾಘಾತದಿಂದ ಬದುಕುಳಿದು ಆರು ತಿಂಗಳು ಮನೆಯಲ್ಲಿ ಮಲಗಿದರೆ? ಮರಣಕ್ಕೆ ಮಾತ್ರ ಮಾಡಿಸಿದ ವಿಮೆ ಆಗ ಒಂದು ಡಾಲರನ್ನೂ ಕೊಡದು. ಜಗತ್ತಿನ ಮೊದಲ ಹೃದಯ ಕಸಿ ಮಾಡಿದ ಕ್ರಿಶ್ಚಿಯನ್ ಬರ್ನಾರ್ಡ್ ಅವರ ತಮ್ಮ, ತಾವೂ ಶಸ್ತ್ರವೈದ್ಯರಾಗಿದ್ದ ಮೇರಿಯಸ್ ಬರ್ನಾರ್ಡ್, ರೋಗಿಯ ದೇಹ ಉಳಿದರೂ ಅವನ ಹಣಕಾಸು ಉಳಿಯುವುದಿಲ್ಲವೆಂಬುದನ್ನು ಕಂಡು 1983ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಗಂಭೀರ ಕಾಯಿಲೆಯ ವಿಮೆಗೆ ನಾಂದಿ ಹಾಡಿದರು. ಇಲ್ಲಿ ಅದನ್ನು ಟ್ರಾಮಾ ವಿಮೆ ಎನ್ನುತ್ತಾರೆ. ಮರಣ, ಶಾಶ್ವತ ಅಂಗವೈಕಲ್ಯ, ಗಂಭೀರ ಕಾಯಿಲೆ ಈ ಮೂರನ್ನೂ ಆಧಾರವ್ಯಕ್ತಿಯ ವಿಮೆಯಲ್ಲಿ ಸೇರಿಸಬಹುದು. ಕಂತು ಹೆಚ್ಚುತ್ತದೆ, ಯಾವುದು ಬೇಕು, ಯಾವುದು ಬೇಡವೆಂಬುದನ್ನು ಕೈಯಳತೆ ನೋಡಿ ತೀರ್ಮಾನಿಸಬೇಕು.

ಪಾಲುದಾರರಿರುವಲ್ಲಿ ಮತ್ತೊಂದು ತೊಡಕುಂಟು. ಪಾಲುದಾರರೊಬ್ಬರು ತೀರಿಕೊಂಡರೆ ಅವರ ಷೇರುಗಳು ಉಯಿಲಿನಂತೆ ಹೆಂಡತಿಗೋ ಮಕ್ಕಳಿಗೋ ಸೇರುತ್ತವೆ. ಉಳಿದವರಿಗೆ ವ್ಯವಹಾರ ಅರಿಯದವರೊಡನೆ ಪಾಲು ಹಂಚಿಕೊಳ್ಳುವ ಸಂಕಟ, ಆಕೆಗೆ ಮಾರಲೂ ಆಗದ ನಡೆಸಲೂ ಆಗದ ಕಾಗದಗಳ ಸಂಕಟ. ಇದಕ್ಕೆ ಪರಿಹಾರ ಪಾಲುದಾರರೆಲ್ಲ ಆರೋಗ್ಯವಾಗಿರುವಾಗಲೇ ಮಾಡಿಕೊಳ್ಳುವ ಕ್ರಯವಿಕ್ರಯ ಕರಾರು ಮತ್ತು ಅದಕ್ಕೆ ಹಣ ಒದಗಿಸುವ ಪ್ರತ್ಯೇಕ ವಿಮೆ. ಉಳಿದವರು ನಿಗದಿಯಾದ ಬೆಲೆಗೆ ಷೇರು ಕೊಳ್ಳುತ್ತಾರೆ, ಮನೆಯವರ ಕೈಗೆ ಹಣ ಬರುತ್ತದೆ. ಸ್ನೇಹಿತರ ನಡುವೆ ಕರಾರೇಕೆ ಎನ್ನುವವರು, ಆ ಸ್ನೇಹಿತನೇ ಇಲ್ಲದ ದಿನ ಎರಡು ಮನೆಗಳ ನಡುವೆ ಸ್ನೇಹ ಉಳಿಯಲೆಂದೇ ಕರಾರು ಬೇಕೆಂಬುದನ್ನು ಮರೆಯಬಾರದು.

ಇನ್ನು ಸೋದರಿಯರಿಗೆ ವಿಶೇಷವಾಗಿ ಹೇಳಬೇಕಾದ ಮಾತು. ಸಣ್ಣ ಸಂಸ್ಥೆಗೆ ಬ್ಯಾಂಕು ಸಾಲ ಕೊಡುವಾಗ ವಾಸದ ಮನೆಯನ್ನು ಒತ್ತೆ ಕೇಳುವುದು, ಹೆಂಡತಿಯಿಂದಲೂ ಜಾಮೀನು ರುಜು ಕೇಳುವುದು ವಾಡಿಕೆ. ಯಜಮಾನರು ತೋರಿಸಿದ ಕಡೆ ರುಜು ಹಾಕುವುದನ್ನು ನಾವು ದಾಂಪತ್ಯದ ವಿಶ್ವಾಸವೆಂದು ತಿಳಿದಿದ್ದೇವೆ. ಯಜಮಾನರು ತೀರಿಕೊಂಡರೆ ಸಾಲ ತೀರುವುದಿಲ್ಲ. ಜಾಮೀನುದಾರಳ ಬಾಗಿಲಿಗೆ ಬರುತ್ತದೆ. ಗಂಡನ ಉದ್ಯಮದ ಸಾಲಕ್ಕೆ ಜಾಮೀನಾದ ಸಿಡ್ನಿಯ ವಿದ್ಯಾವಂತ ಮಹಿಳೆಯೊಬ್ಬರ ಪ್ರಕರಣ 1998ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟಿನವರೆಗೆ ಹೋಯಿತು. ಗಾರ್ಸಿಯಾ ಮೊಕದ್ದಮೆಯೆಂದು ಅದು ಪ್ರಸಿದ್ಧ. ತನಗೆ ಲಾಭವಿಲ್ಲದ ವ್ಯವಹಾರಕ್ಕೆ, ಅರ್ಥವನ್ನು ಯಾರೂ ಸರಿಯಾಗಿ ವಿವರಿಸದೆ, ಗಂಡನ ಮೇಲಿನ ನಂಬಿಕೆಯಿಂದ ಹೆಂಡತಿ ಕೊಟ್ಟ ಜಾಮೀನನ್ನು ಬ್ಯಾಂಕು ಜಾರಿಗೊಳಿಸಲಾಗದೆಂದು ನ್ಯಾಯಾಲಯ ತೀರ್ಪಿತ್ತಿತು. ಇದು ಸಮಾಧಾನದ ತೀರ್ಪೇ ಸರಿ. ಆದರೆ ಸಂಸ್ಥೆಯಲ್ಲಿ ನಿಜವಾದ ಪಾಲಿರುವ, ಅದರ ಲಾಭ ಪಡೆಯುವ ಹೆಂಡತಿಗೆ ಈ ಆಸರೆ ಸಿಗುವುದು ಕಷ್ಟ. ನಮ್ಮಲ್ಲಿ ಎಷ್ಟು ಜನ ಕಾಗದದ ಮೇಲೆ ನಿರ್ದೇಶಕಿಯರು ಎಂದು ಎಣಿಸಿ ನೋಡಿ. ಜಾಮೀನಿನ ಮೊತ್ತದಷ್ಟಾದರೂ ವಿಮೆ ಇದೆಯೇ ಎಂದು ಕೇಳುವುದು ಅವಿಶ್ವಾಸವಲ್ಲ. ರುಜು ಹಾಕುವ ಕೈಗೆ ಕೇಳುವ ಹಕ್ಕಿದೆ.

ಇಷ್ಟಾದರೂ ವಿಮೆ ಎಲ್ಲವನ್ನೂ ಕೊಡುವುದೆಂದು ಹೇಳಲಾರೆ. 2010ರ ಜೂನ್ 19ರಂದು ಪರ್ತ್ ನಗರದ ಸನ್‌ಡಾನ್ಸ್ ರಿಸೋರ್ಸಸ್ ಎಂಬ ಗಣಿ ಸಂಸ್ಥೆಯ ನಿರ್ದೇಶಕ ಮಂಡಳಿಯ ಸದಸ್ಯರೆಲ್ಲರೂ ಆಫ್ರಿಕಾದಲ್ಲಿ ಒಂದೇ ವಿಮಾನದಲ್ಲಿ ಹೊರಟು ಅಪಘಾತದಲ್ಲಿ ಮಡಿದರು. ಸಂಸ್ಥೆಯ ಹಿಂದಿನ ಅಧ್ಯಕ್ಷರೇ ಮರಳಿ ಬಂದು ಹೊಣೆ ಹೊರಬೇಕಾಯಿತು. ಸಿಡ್ನಿಗೂ ಮೆಲ್ಬರ್ನಿಗೂ ನಡುವೆ ಹ್ಯೂಮ್ ಹೆದ್ದಾರಿಯ ಸುಮಾರು 880 ಕಿಲೋಮೀಟರ್ ದೂರವನ್ನು ಪಾಲುದಾರರೆಲ್ಲ ಒಂದೇ ಕಾರಿನಲ್ಲಿ ರಾತ್ರಿಯಿಡೀ ಕ್ರಮಿಸುವವರು ಇದನ್ನು ನೆನೆಯಬೇಕು. ನಮ್ಮ ನಾಡಿನಲ್ಲಿಯೇ 2019ರ ಜುಲೈನಲ್ಲಿ ಕೆಫೆ ಕಾಫಿ ಡೇ ಸ್ಥಾಪಕ ವಿ. ಜಿ. ಸಿದ್ಧಾರ್ಥ ಅವರು ಅಗಲಿದಾಗ ಸಂಸ್ಥೆಯ ಮೇಲೆ 7,000 ಕೋಟಿ ರೂಪಾಯಿಗೂ ಮಿಗಿಲಾದ ಸಾಲವಿತ್ತು. ಆಸ್ತಿಗಳನ್ನು ಮಾರಿ ಅದನ್ನು ಇಳಿಸುವ ಕಾರ್ಯ ನಡೆಯಿತು. 2020ರ ಡಿಸೆಂಬರಿನಲ್ಲಿ ಪತ್ನಿ ಮಾಳವಿಕಾ ಹೆಗ್ಡೆಯವರು ಮುಖ್ಯ ಕಾರ್ಯನಿರ್ವಹಣಾಧಿಕಾರಿಯಾದರು. ಅವರು ಮೊದಲಿನಿಂದಲೂ ನಿರ್ದೇಶಕ ಮಂಡಳಿಯಲ್ಲಿದ್ದವರು, ಒಳಗಿನದನ್ನು ಬಲ್ಲವರು ಎಂಬುದು ಇಲ್ಲಿ ಗಮನಾರ್ಹ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ‘ಜೇಮ್ಸ್’ ಚಿತ್ರಕ್ಕೆ ಅವರ ಕಂಠದಾನ ಇನ್ನೂ ಆಗಿರಲಿಲ್ಲ. ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟು, ಮರುವರ್ಷ ಪುನೀತರ ಹುಟ್ಟುಹಬ್ಬದಂದು ಚಿತ್ರ ತೆರೆಕಂಡಿತು. ವಿಮೆಯ ಹಣ ಕಾಲಾವಕಾಶವನ್ನು ಕೊಂಡು ಕೊಡುತ್ತದೆ. ಆ ಅವಕಾಶದಲ್ಲಿ ಕೆಲಸವನ್ನು ಎತ್ತಿಕೊಳ್ಳಬಲ್ಲವರೊಬ್ಬರು ಹತ್ತಿರದಲ್ಲಿರಬೇಕು.

ಆ ಒಬ್ಬರು ಅನೇಕ ಸಲ ಮನೆಯಲ್ಲಿಯೇ ಇರುತ್ತಾರೆ, ಲೆಕ್ಕಕ್ಕೆ ಮಾತ್ರ ಬಂದಿರುವುದಿಲ್ಲ. ಮೂರು ತಿಂಗಳಿಗೊಮ್ಮೆ ತೆರಿಗೆ ಕಚೇರಿಗೆ ಲೆಕ್ಕ ಕಳುಹಿಸುವವರು, ನೌಕರರ ಸೂಪರ್ ಕಂತನ್ನು ಗಡುವಿನೊಳಗೆ ಕಟ್ಟುವವರು, ಯಾವ ಸರಬರಾಜುದಾರನಿಗೆ ಎಷ್ಟು ಬಾಕಿಯೆಂದು ಬಾಯಿಪಾಠವಾಗಿ ಬಲ್ಲವರು, ಊಟದ ಮನೆಯಲ್ಲಿ ಸಾಂಬಾರಿನ ಪುಡಿಯ ಹದ ಕಾಯುವವರು ಯಾರು? ಆಕೆಗೆ ಸಂಬಳವಿಲ್ಲದ್ದರಿಂದ ವಿಮೆಯ ಅರ್ಜಿಯಲ್ಲಿ ಆಕೆಯ ಹೆಸರೂ ಇಲ್ಲ. ಆಕೆ ಹಾಸಿಗೆ ಹಿಡಿದರೆ ಲೆಕ್ಕಿಗರೊಬ್ಬರನ್ನೂ ಮೇಲ್ವಿಚಾರಕರೊಬ್ಬರನ್ನೂ ಸಂಬಳ ಕೊಟ್ಟು ನೇಮಿಸಬೇಕಾಗುತ್ತದೆ; ಆ ಸಂಬಳವೇ ಆಕೆಯ ಬೆಲೆಯ ಅಳತೆ. ಕೀ ಮ್ಯಾನ್ ಹೋಗಿ ಕೀ ಪರ್ಸನ್ ಬಂದಿರುವ ಈ ಕಾಲದಲ್ಲಿ ನಮ್ಮ ಮನೆಗಳ ಲೆಕ್ಕವೂ ಬದಲಾಗಬೇಡವೇ?

ಸಮ್ಮೇಳನ ಮುಗಿಸಿ ಊರಿಗೆ ಮರಳಿದ ಮೇಲೆ ದಂಪತಿಗಳು, ಪಾಲುದಾರರು ಒಂದು ಸಂಜೆ ಕುಳಿತು ಕೆಲವು ಪ್ರಶ್ನೆಗಳಿಗೆ ಉತ್ತರ ಬರೆದಿಡಲಿ ಎಂದು ನನ್ನ ಬಿನ್ನಹ. ನಮ್ಮ ಉದ್ಯಮದಲ್ಲಿ ಯಾರಿಲ್ಲದಿದ್ದರೆ ಕೆಲಸ ನಿಲ್ಲುತ್ತದೆ? ಎಷ್ಟು ಕಾಲ ನಿಲ್ಲುತ್ತದೆ, ಅದರ ಬೆಲೆ ಎಷ್ಟು? ಯಾವ ಸಾಲಕ್ಕೆ ಯಾರ ಜಾಮೀನಿದೆ? ಅವರಿಗೆ ತಿಳಿದಿರುವುದನ್ನು ಇನ್ನಾರು ಬಲ್ಲರು? ಉತ್ತರಗಳನ್ನು ತೆಗೆದುಕೊಂಡು ಪರವಾನಗಿಯುಳ್ಳ ಸಲಹೆಗಾರರ ಬಳಿಗೂ ಲೆಕ್ಕಪರಿಶೋಧಕರ ಬಳಿಗೂ ಹೋಗಿ. ಅರ್ಜಿಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಯಾವುದನ್ನೂ ಮುಚ್ಚಿಡಬೇಡಿ. ಮುಚ್ಚಿಟ್ಟ ಸಂಗತಿ ಹಣ ಕೇಳುವ ದಿನ ಹೊರಬರುತ್ತದೆ. ಕೊನೆಯ ಪ್ರಶ್ನೆಯ ಉತ್ತರವಾಗಿ ಒಂದು ಹೆಸರಾದರೂ ಸಿಗದಿದ್ದರೆ, ಪಾಲಿಸಿ ಬರುವ ಮುನ್ನವೇ ಆ ಹೆಸರಿನವರಿಗೆ ಕೆಲಸ ಕಲಿಸತೊಡಗಿ.