ಆ ರೇಖೆ ಎಲ್ಲಿಂದ ಬಂದಿತು?

ರೇಖಾಗಣಿತದ ಸಾಧನೆಗಳಲ್ಲಿ “ಇಲ್ಲಿ ಒಂದು ಸರಳರೇಖೆಯನ್ನೆಳೆಯಿರಿ” ಎಂಬ ಆಜ್ಞೆಯನ್ನು ಕಾಣದ ವಿದ್ಯಾರ್ಥಿಯಿಲ್ಲ. ರೇಖೆಯನ್ನೆಳೆದೊಡನೆ ಸಮಸ್ಯೆಯ ಗಂಟು ಸಡಿಲುತ್ತದೆ. ಆದರೆ ಅದನ್ನು ಅಲ್ಲಿಯೇ ಏಕೆ ಎಳೆಯಬೇಕೆಂದು ಹೇಳುವವರು ವಿರಳ. ಇದು ಹುಟ್ಟು ಪ್ರತಿಭಾವಂತರಿಗೆ ಮಾತ್ರ ಹೊಳೆಯುವ ಮಾಟವೆಂದು ತಿಳಿದು ಅನೇಕರು ಗಣಿತದಿಂದಲೇ ದೂರ ಸರಿಯುತ್ತಾರೆ. ಕಾರಣವನ್ನು ತಿಳಿಸದ ಸಾಧನೆ ಅರ್ಧ ಸಾಧನೆಯೇ ಎಂಬುದು ನನ್ನ ಅಭಿಪ್ರಾಯ.

ಒಂದು ಪ್ರಸಿದ್ಧ ನಿದರ್ಶನವನ್ನು ನೋಡೋಣ. ‘ಮ್ಯಾಥಮ್ಯಾಟಿಕಲ್ ಗೆಜೆಟ್’ ಪತ್ರಿಕೆಯ ಸ್ಥಾಪಕರಾದ ಇಂಗ್ಲೆಂಡಿನ ಇ. ಎಂ. ಲ್ಯಾಂಗ್ಲೆಯವರು ೧೯೨೨ರಲ್ಲಿ ಅದೇ ಪತ್ರಿಕೆಯಲ್ಲಿ ಮುಂದಿಟ್ಟ ಸಮಸ್ಯೆಯಿದು. ‘ಅಬಕ’ ಒಂದು ಸಮದ್ವಿಬಾಹು ತ್ರಿಭುಜ. ‘ಬ’, ‘ಕ’ ಎಂಬ ಪಾದಕೋನಗಳು ತಲಾ ೮೦°. ‘ಅ’ ಎಂಬ ಶೃಂಗಕೋನ ೨೦°. ‘ಅಬ’ ಬಾಹುವಿನ ಮೇಲೆ ‘ಚ’ ಎಂಬ ಬಿಂದು. ಕೋನ ‘ಬಕಚ’ ೫೦°. ‘ಅಕ’ ಬಾಹುವಿನ ಮೇಲೆ ‘ಡ’ ಎಂಬ ಬಿಂದು. ಕೋನ ‘ಕಬಡ’ ೬೦°. ಕೋನ ‘ಬಡಚ’ ಎಷ್ಟು? ವಾಚಕರು ಚಿತ್ರವನ್ನು ಬರೆದುಕೊಂಡು ಮುಂದೆ ಓದುವುದು ಒಳ್ಳೆಯದು.

ತ್ರಿಭುಜದ ಕೋನಗಳ ಮೊತ್ತ ೧೮೦° ಎಂಬ ನಿಯಮವೊಂದನ್ನೇ ನಂಬಿ ಹೊರಟರೆ, ತಿಳಿಯದ ಕೋನಗಳ ಮೊತ್ತಗಳು ಮಾತ್ರ ದೊರೆಯುತ್ತವೆ. ಬಿಡಿಬಿಡಿಯಾಗಿ ಯಾವುದೂ ದೊರೆಯದು. ಕೋನಮಾಪಕವನ್ನಿಟ್ಟು ಅಳೆದರೆ ಸುಮಾರು ೩೦° ಎಂದು ಕಾಣುತ್ತದೆ. ಕಂಪ್ಯೂಟರ್ ಕೂಡ ಆ ಸಂಖ್ಯೆಯನ್ನು ಕ್ಷಣದಲ್ಲಿ ಕೊಡುತ್ತದೆ. ಆದರೆ ೩೦° ಏಕೆ ಎಂಬುದು ಆ ಸಂಖ್ಯೆಯಿಂದ ತಿಳಿಯುವುದಿಲ್ಲ.

ಆದುದರಿಂದ ಕೋನಗಳನ್ನು ಬಿಟ್ಟು ಸಮವಾದ ಬಾಹುಗಳನ್ನು ಅರಸೋಣ. ‘ಬಚಕ’ ತ್ರಿಭುಜದ ಕೋನಗಳು ೮೦°, ೫೦°, ೫೦°; ಆದುದರಿಂದ ಬಚ = ಬಕ. ‘ಬ’ ಬಿಂದುವಿನಿಂದ ಹೊರಟ ಎರಡು ಸಮರೇಖೆಗಳು ಸಿಕ್ಕಂತಾಯಿತು. ಅಷ್ಟೇ ಉದ್ದದ ಮೂರನೆಯದೊಂದು ‘ಅಕ’ ಬಾಹುವನ್ನು ಮುಟ್ಟೀತೆ? ‘ಕ’ ಕೋನ ೮೦° ಇರುವುದರಿಂದ, ‘ಬಕ’ದೊಡನೆ ೨೦° ಕೋನ ಮಾಡುವಂತೆ ‘ಬಗ’ ರೇಖೆಯನ್ನೆಳೆದರೆ ಕೋನ ‘ಬಗಕ’ವೂ ೮೦° ಆಗುತ್ತದೆ; ಬಗ = ಬಕ. ‘ಬಕಗ’ವು ಮೂಲ ತ್ರಿಭುಜದ್ದೇ ಚಿಕ್ಕ ಪಡಿಯಚ್ಚು! ನಮಗೆ ಬೇಕಾದ ರೇಖೆ ಇದೇ. ಅದು ಆಕಾಶದಿಂದ ಉದುರಲಿಲ್ಲ, ಅರಸಿದುದರಿಂದ ದೊರೆಯಿತು.

ಉಳಿದುದು ಸುಲಭ. ಬಚ = ಬಗ, ಕೋನ ‘ಚಬಗ’ ೬೦°; ಆದುದರಿಂದ ‘ಬಚಗ’ ಸಮಬಾಹು ತ್ರಿಭುಜ. ‘ಬಗಡ’ ತ್ರಿಭುಜದಲ್ಲಿ ‘ಬ’, ‘ಡ’ ಕೋನಗಳು ತಲಾ ೪೦°; ಆದುದರಿಂದ ಗಡ = ಗಬ = ಗಚ. ಕೋನ ‘ಚಗಡ’ವು ೧೮೦° − ೮೦° − ೬೦°, ಎಂದರೆ ೪೦°. ಆದ್ದರಿಂದ ಕೋನ ‘ಗಡಚ’ ೭೦°. ಅದರಲ್ಲಿ ಕೋನ ‘ಗಡಬ’ದ ೪೦° ಕಳೆದರೆ ಉಳಿಯುವುದು ೩೦°.

ಜೇಮ್ಸ್ ಮರ್ಸರ್ ೧೯೨೩ರಲ್ಲಿ ನೀಡಿದ ಸಾಧನೆಯಲ್ಲಿರುವುದೂ ಇದೇ ರೇಖೆ. ಕೋನಗಳ ಮೊತ್ತದ ನಿಯಮದ ಹೊರತು ಇದಕ್ಕೆ ಬೇಕಾದುದು ಯೂಕ್ಲಿಡನ ಮೊದಲ ಪುಸ್ತಕದ ೫ ಮತ್ತು ೬ನೆಯ ಪ್ರಮೇಯಗಳಷ್ಟೆ: ಬಾಹುಗಳು ಸಮವಾದರೆ ಅವುಗಳಿಗೆದುರಾದ ಕೋನಗಳು ಸಮ, ಕೋನಗಳು ಸಮವಾದರೆ ಬಾಹುಗಳು ಸಮ. ಪ್ರೌಢಶಾಲೆಯ ವಿದ್ಯಾರ್ಥಿಗೆ ತಿಳಿಯದುದು ಇದರಲ್ಲಿ ಏನೂ ಇಲ್ಲ.

ಪರೀಕ್ಷೆಯ ಅವಸರದಲ್ಲಿ ಇಂಥ ವಿಚಾರಕ್ಕೆ ಹೊತ್ತೆಲ್ಲಿ ಎಂದು ಕೆಲವರು ಕೇಳಬಹುದು. ಹತ್ತು ಸಾಧನೆಗಳನ್ನು ಉರುಹೊಡೆದವನು ಹನ್ನೊಂದನೆಯದು ಎದುರಾದಾಗ ಕೈಚೆಲ್ಲುತ್ತಾನೆ. ಒಂದರಲ್ಲಾದರೂ ರೇಖೆಯ ಕಾರಣವನ್ನು ಕಂಡುಕೊಂಡವನು ಹೊಸದನ್ನು ಅರಸಲು ತೊಡಗುತ್ತಾನೆ. ಅಧ್ಯಾಪಕರು ಕರಿಹಲಗೆಯ ಮೇಲೆ ರೇಖೆಯನ್ನೆಳೆಯುವ ಮುನ್ನ “ಇಲ್ಲಿ ಯಾವ ಬಾಹುಗಳು ಸಮ?” ಎಂದು ಕೇಳಿ ಎರಡು ನಿಮಿಷ ಕಾಯಲಿ. ವಿದ್ಯಾರ್ಥಿಗಳೂ ಉತ್ತರದ ಪುಟವನ್ನು ತಿರುವುವ ಮುನ್ನ ಅದೇ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಲಿ.